ಗೆಲುವಾ, ಡ್ರಾನಾ?

ಮೂರು ವರ್ಷದ ಹಿಂದೆ ಮಕ್ಕಳ ಚೆಸ್ ಟೂರ್ನಿಯೊಂದರಲ್ಲಿ ನಮ್ಮ ಹುಡುಗನೊಬ್ಬ ಗೆಲ್ಲಬಹುದಾಗಿದ್ದ ಆಟವನ್ನು ಡ್ರಾ ಮಾಡಿಕೊಂಡು ಬಂದ. ಇಬ್ಬರ ಹತ್ತಿರವೂ ಒಂದೊಂದು ಆನೆ. ಇವನಿಗೆ ಒಂದು ಕಾಲಾಳು ಜಾಸ್ತಿ, ಅದು ಅಂಚಿನ ಎ ಸಾಲಿನಲ್ಲಿತ್ತು. ಖುಷಿಯಿಂದ ಆನೆಗೆ ಆನೆ ಹೊಡೆಸಿಬಿಟ್ಟ. ಎದುರಾಳಿಯ ರಾಜ ಹೋಗಿ, ಕಾಲಾಳು ರಾಣಿಯಾಗಬೇಕಾದ ಎ8ರ ಮೂಲೆಯಲ್ಲಿ (ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು) ಕೂತ. ಅಲ್ಲಿಂದ ಅವನನ್ನು ಎಬ್ಬಿಸಲು ಆಗಲೇ ಇಲ್ಲ. ಕೊನೆಗೆ ಸ್ಟೇಲ್‌ಮೇಟ್, ಅಂದರೆ ರಾಜನಿಗೆ ಚೆಕ್ ಇಲ್ಲ, ನಡೆಯಲೂ ಜಾಗವಿಲ್ಲ, ಆಟ ಡ್ರಾ. "ಸರ್, ಜಾಸ್ತಿ ಇದ್ದಾಗ ಬದಲಾಯಿಸು ಅಂತ ನೀವೇ ಹೇಳಿದ್ರಲ್ಲ?" ಅಂದ. ಹೌದು, ಹೇಳಿದ್ದು ನಾನೇ.

ಭಾನುವಾರ ಬೆಳಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಆ ಹುಡುಗ ಸೋಮಾರಿಯಲ್ಲ, ಫೋನಿನಲ್ಲಿ ನೂರಾರು ಪಜಲ್ ಬಿಡಿಸಿದವನು. ಆಮೇಲೆ ಪಕ್ಕದಲ್ಲಿ ಕೂತು ಅವನು ಬಿಡಿಸುವುದನ್ನು ನೋಡಿದೆ. ಚೆಕ್ ಕೊಡುವ ನಡೆ ಇದೆಯಾ? ಒತ್ತು. ತಪ್ಪಾಯ್ತಾ? ಇನ್ನೊಂದು ಒತ್ತು. ಪಜಲ್ ಅಂದಮೇಲೆ ಉತ್ತರ ಇದ್ದೇ ಇರುತ್ತದೆ, ಅದು ಹೆಚ್ಚುಕಡಿಮೆ ಗೆಲುವೇ ಆಗಿರುತ್ತದೆ ಅನ್ನುವುದು ಅವನ ನಂಬಿಕೆ. ನಿಜವಾದ ಆಟದಲ್ಲಿ "ಇಲ್ಲಿ ಗೆಲುವಿದೆ, ಹುಡುಕು" ಅಂತ ಯಾರು ಕಿವಿಯಲ್ಲಿ ಹೇಳುತ್ತಾರೆ?

ಹಾಗಾಗಿ ರಟ್ಟಿನ ಕಾರ್ಡ್‌ಗಳ ಮೇಲೆ ಕೊನೆಯಾಟದ ಮೂವತ್ತು ಸ್ಥಿತಿಗಳನ್ನು ಬರೆದೆ. "ಬಿಳಿ ಗೆಲ್ಲಬೇಕು" ಅನ್ನುವ ಸಾಲು ಯಾವುದರಲ್ಲೂ ಇಲ್ಲ. ಅರ್ಧಕ್ಕರ್ಧ ಡ್ರಾ ಆಗುವಂಥವು. ನಿಯಮ ಸುಲಭ. ಎರಡು ನಿಮಿಷ ಕಾಯಿ ಮುಟ್ಟುವಂತಿಲ್ಲ. ಗೆಲುವಾ, ಡ್ರಾನಾ ಅಂತ ಬಾಯಲ್ಲಿ ಹೇಳಬೇಕು. ಆಮೇಲೆ ಆಡಿ ತೋರಿಸಬೇಕು, ಬದಿ ಬದಲಿಸಿ ಇನ್ನೊಮ್ಮೆ ಆಡಬೇಕು. ಕಾಪಾಡಿಕೊಳ್ಳುವ ಬದಿಯಲ್ಲಿ ಕೂತಾಗಲೇ ಮಕ್ಕಳು ಜಾಸ್ತಿ ಕಲಿತರು, ಇದನ್ನು ನಾನು ಅಂದುಕೊಂಡಿರಲಿಲ್ಲ.

ಮೊದಲ ಕಾರ್ಡ್ ಈಗಲೂ ಅದೇ. ಬಿಳಿ ರಾಜ ಇ5, ಕಾಲಾಳು ಇ4. ಕಪ್ಪು ರಾಜ ಇ7. ಕಪ್ಪಿನ ಸರದಿಯಾದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿಯಾದರೆ ಡ್ರಾ. ನಡೆಯುವುದೇ ತೊಂದರೆ ಅನ್ನುವುದು ಮಕ್ಕಳಿಗೆ ವಿಚಿತ್ರ ಅನ್ನಿಸಿತು. ಇಬ್ಬರೂ "ನೀನು ಮೊದಲು, ನೀನು ಮೊದಲು" ಅಂತ ಜಗಳಕ್ಕೆ ಬಿದ್ದರು. ರಾಜರಿಬ್ಬರು ಒಂದು ಮನೆ ಬಿಟ್ಟು ಎದುರೆದುರು ನಿಲ್ಲುವ ಇದಕ್ಕೆ ಅಪೋಸಿಷನ್ ಅನ್ನುತ್ತಾರೆ, ಆ ಪದ ಯಾರ ತಲೆಗೂ ಹತ್ತಲಿಲ್ಲ. ಒಬ್ಬಳು "ಎದುರುಬದುರು" ಅಂದಳು, ನಮ್ಮ ಜಗಲಿಯಲ್ಲಿ ಅದೇ ಹೆಸರು ನಿಂತಿತು.

ತುಂಬಾ ಸಲ ತೆಗೆಯುವ ಕಾರ್ಡ್ ಅಂದರೆ ಚೆಸ್ ಆಟಗಾರ ರಿಚರ್ಡ್ ರೆಟಿ 1921ರಲ್ಲಿ ಕೊಟ್ಟ ಪಜಲ್. ಬಿಳಿ ರಾಜ ಎಚ್8ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಾಲಾಳು ಎಚ್5ರಲ್ಲಿ. ಬಿಳಿಯ ಸರದಿ. ಕಪ್ಪು ಕಾಲಾಳು ಓಡುತ್ತಿದೆ, ಬಿಳಿ ರಾಜ ಎರಡು ಹೆಜ್ಜೆ ಹಿಂದಿದ್ದಾನೆ. ಎಲ್ಲರೂ "ಸೋಲು" ಅಂದರು. ಉತ್ತರ ಡ್ರಾ. ರಾಜ ನೇರ ಓಡದೆ ಓರೆಯಾಗಿ ಜಿ7, ಎಫ್6, ಇ5 ಅಂತ ಬರುತ್ತಾನೆ. ಒಂದು ಕಣ್ಣು ಕಪ್ಪು ಕಾಲಾಳಿನ ಮೇಲೆ, ಇನ್ನೊಂದು ಕಣ್ಣು ತನ್ನ ಕಾಲಾಳಿನ ಮೇಲೆ. ಕಪ್ಪು ಒಂದನ್ನು ತಡೆದರೆ ಇನ್ನೊಂದು ಕೆಲಸ ಆಗಿಬಿಡುತ್ತದೆ. ಬೆರಳಿಟ್ಟು ಎಣಿಸಿ ಅಂದೆ. ಎಚ್8ರಿಂದ ಎಚ್2ಕ್ಕೆ ನೇರ ಹೋದರೆ ಆರು ನಡೆ. ಇ5ಕ್ಕೆ ಹೋಗಿ ಅಲ್ಲಿಂದ ಎಚ್2ಕ್ಕೆ ಬಂದರೂ ಆರೇ ನಡೆ! ನಾಲ್ಕು ಸಲ ಎಣಿಸಿದರೂ ಒಬ್ಬ ನಂಬಲಿಲ್ಲ. ಶಾಲೆಯ ರೇಖಾಗಣಿತದಲ್ಲಿ ಹಾಗಿಲ್ಲ, ಅಲ್ವಾ?

ಆನೆಗಳ ಕಾರ್ಡ್ ನಿಧಾನಕ್ಕೆ ಕೊಟ್ಟೆ. ಆನೆಯಿಂದ ಸೇತುವೆ ಕಟ್ಟಿ ಗೆಲ್ಲುವ ಲುಸೆನಾ ಅನ್ನುವ ಸ್ಥಿತಿ, ಅಡ್ಡಸಾಲಿನಲ್ಲಿ ಆನೆ ಕಾವಲಿಟ್ಟು ಕಾದು ಡ್ರಾ ಮಾಡುವ ಫಿಲಿಡಾರ್ ಅನ್ನುವ ಸ್ಥಿತಿ, ಎರಡೇ ಸಾಕು. ಒಂಟೆ ಮತ್ತು ಕುದುರೆಯಿಂದ ಮೇಟ್ ಮಾಡುವುದನ್ನು ಈ ವಯಸ್ಸಿಗೆ ಹೇಳಿಕೊಡುವುದಿಲ್ಲ. ಸುಮ್ನೆ ಸಮಯ ಹಾಳು. ಯಾರು ಏನೇ ಹೇಳಲಿ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು. ನಮ್ಮ ಭಾರತದ ಗುಕೇಶ್ ಆನೆ ಬದಲಾಯಿಸಿದರು, ಹಿಂದೆಯೇ ಒಂಟೆಯನ್ನೂ ಬದಲಾಯಿಸಿದರು. ಉಳಿದದ್ದು ಬರೀ ರಾಜ ಮತ್ತು ಕಾಲಾಳು, ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ, ಗೆಲುವೂ ಅವರದೇ. ಮುಂದಿನ ಭಾನುವಾರ ಆ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿದೆ. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವನು ನಮ್ಮ ಡ್ರಾ ಹುಡುಗ. "ನಾನೂ ಇದನ್ನೇ ಮಾಡಿದ್ದೆ ಸರ್" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನನ್ನದು ಅಂಚಿನ ಕಾಲಾಳು" ಅಂದ.

ಈಗ ಅವರೇ ಕಾರ್ಡ್ ಬರೆದು ತರುತ್ತಾರೆ. ಹೋದ ತಿಂಗಳು ಅದೇ ಹುಡುಗ ನನ್ನ ಮುಂದೆ ಒಂದು ಇಟ್ಟ. ಬಿಳಿ ರಾಜ ಎಫ್5, ಕಾಲಾಳು ಇ4. ಕಪ್ಪು ರಾಜ ಡಿ4, ಕಾಲಾಳು ಇ5. ಎರಡು ನಿಮಿಷ ಕೂಡ ಕಾಯದೆ "ಬಿಳಿ ಗೆಲ್ಲುತ್ತದೆ" ಅಂದೆ.

"ಯಾರ ಸರದಿ ಅಂತ ಕೇಳಲೇ ಇಲ್ವಲ್ಲ ಸರ್."