ಕೊಡಗಿನ ಜಮೀನಿನ ದಾಖಲೆಗಳನ್ನು ಆನ್‌ಲೈನಿನಲ್ಲಿ ಹುಡುಕಿ ಪರಿಶೀಲಿಸುವ ಬಗೆ

ಕೊಡಗಿನಲ್ಲಿ ತೋಟವನ್ನೋ ಗದ್ದೆಯನ್ನೋ ಕೊಳ್ಳಲು ಹೊರಟವರು ಮಾತ್ರವಲ್ಲ, ತಲೆತಲಾಂತರದಿಂದ ಒಕ್ಕದ (ಕೊಡವ ಮನೆತನದ) ಆಸ್ತಿಯನ್ನು ಅನುಭವಿಸುತ್ತ ಬಂದವರೂ ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು (ಜಮೀನಿನ ಹಕ್ಕುದಾಖಲೆ, ಆರ್.ಟಿ.ಸಿ.) ತೆಗೆದು ನೋಡಬೇಕು. ಬೇರೆ ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಸೂಚನೆಗಳು ಇಲ್ಲಿ ಅರ್ಧ ದಾರಿಗೆ ಮಾತ್ರ ಸಾಕಾಗುತ್ತವೆ. ಜಮ್ಮಾ (ವಂಶಪಾರಂಪರ್ಯದ ಹಿಡುವಳಿ), ಬಾಣೆ (ಗದ್ದೆಗೆ ಸೇರಿದ ಜಾಗ), ಸಾಗು (ಪೂರ್ತಿ ಕಂದಾಯದ ಹಿಡುವಳಿ) ಎಂಬ ಹಿಡುವಳಿಯ ಬಗೆಗಳನ್ನೂ ಪಟ್ಟೇದಾರರ, ಅಂದರೆ ಒಕ್ಕದ ಪರವಾಗಿ ದಾಖಲೆಯಲ್ಲಿ ಹೆಸರಿರುವವರ, ಸ್ಥಾನವನ್ನೂ ತಿಳಿಯದೆ ಓದಿದರೆ, ಪರದೆಯ ಮೇಲೆ ಕಾಣುವ ಹೆಸರೊಂದು, ಹಕ್ಕುಳ್ಳವರು ಇನ್ನೊಬ್ಬರು ಆಗಿರುವುದುಂಟು.

ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ ಸರ್ವೆ ನಂಬರನ್ನು ಕೊಟ್ಟರೆ, ಸರ್‌ನಾಕ್ ಮತ್ತು ಹಿಸ್ಸಾ ನಂಬರಿನ (ಸರ್ವೆ ನಂಬರಿನ ಒಳವಿಭಾಗಗಳ ಗುರುತು) ಖಾನೆಗಳು ತೆರೆದುಕೊಳ್ಳುತ್ತವೆ. ಸರ್‌ನಾಕ್ ಖಾನೆಯಲ್ಲಿ ಸಾಮಾನ್ಯವಾಗಿ ನಕ್ಷತ್ರದ ಗುರುತು ಮಾತ್ರ ಇರುತ್ತದೆ, ಅದನ್ನೇ ಆರಿಸಿಕೊಳ್ಳಬೇಕು. ಹಳೆಯ ಕ್ರಯಪತ್ರವನ್ನು ಕೈಯಲ್ಲಿಟ್ಟುಕೊಂಡು ಹುಡುಕುವವರು ತಾಲ್ಲೂಕಿನ ಹೆಸರಿನಲ್ಲೇ ಎಡವುತ್ತಾರೆ. ಶ್ರೀಮಂಗಲ, ಹುದಿಕೇರಿ, ಬಾಳೆಲೆ ಕಡೆಯ ಗ್ರಾಮಗಳು ಹಳೆಯ ಪತ್ರಗಳಲ್ಲಿ ವಿರಾಜಪೇಟೆ ತಾಲ್ಲೂಕಿನವು, ಈಗ ಪೊನ್ನಂಪೇಟೆಯವು. ಹಾಗೆಯೇ ಸುಂಟಿಕೊಪ್ಪ ಹೋಬಳಿ ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಸೇರಿದೆ.

ಮಾರುವವರು ಕೊಟ್ಟ ಪಹಣಿಯ ಜೆರಾಕ್ಸ್ ಪ್ರತಿಯನ್ನು ನಂಬಿ ಮುಂದುವರಿಯಬೇಡಿ. ಪಹಣಿಯನ್ನು ಸುಮ್ಮನೆ ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ. ಡಿಜಿಟಲ್ ಸಹಿಯುಳ್ಳ ಪ್ರತಿಗೆ ಅಲ್ಪ ಶುಲ್ಕವಿದ್ದು, ಅದರ ಮೇಲಿನ ಸಂಖ್ಯೆಯನ್ನು ಅದೇ ಜಾಲತಾಣದಲ್ಲಿ ಕೊಟ್ಟು ಪ್ರತಿ ಅಸಲಿಯೇ ಎಂದು ತಾಳೆ ನೋಡಬಹುದು.

ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಹೆಚ್ಚು ಗಮನ ಬೇಡುವ ಜಾಗ. ಜಮ್ಮಾ ಹಿಡುವಳಿಯಲ್ಲಿ ಅಲ್ಲಿರುವ ಪಟ್ಟೇದಾರರ ಹೆಸರು ಅನೇಕ ಸಲ ಇಡೀ ಒಕ್ಕದ ಪರವಾಗಿ ನಿಂತ ಹೆಸರಾಗಿರುತ್ತದೆ. ಅವರು ತೀರಿಕೊಂಡು ದಶಕಗಳೇ ಕಳೆದಿದ್ದರೂ ಹೆಸರು ಹಾಗೆಯೇ ಉಳಿದಿರಬಹುದು. ಆದ್ದರಿಂದ ಪಟ್ಟೇದಾರರೊಬ್ಬರೇ, ಅಥವಾ ಅವರ ಮಗನೊಬ್ಬನೇ, ಸಹಿ ಹಾಕಿ ಮಾರಬಲ್ಲರೆಂದು ತಿಳಿಯದೆ ವಂಶವೃಕ್ಷವನ್ನು ಕೇಳಿ ಪಡೆದು, ಪಾಲುದಾರರೆಲ್ಲರ ಒಪ್ಪಿಗೆ ಇದೆಯೇ, ವಿಭಾಗಪತ್ರ ನೋಂದಣಿಯಾಗಿದೆಯೇ ಎಂದು ನೋಡಬೇಕು. ಆ ಹೆಸರು ಯಾವ ಆಧಾರದ ಮೇಲೆ ಬಂತೆಂಬುದು 10ನೇ ಕಾಲಂನ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ) ಸಂಖ್ಯೆಯಿಂದ ತಿಳಿಯುತ್ತದೆ. ಆ ಸಂಖ್ಯೆ ಹಿಡಿದು ಮ್ಯುಟೇಷನ್ ಪ್ರತಿಯನ್ನು ತೆಗೆದರೆ ಕ್ರಯವೋ, ಪೌತಿ ಖಾತೆಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆ), ವಿಭಾಗವೋ ಎಂಬುದು ಸ್ಪಷ್ಟವಾಗುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆಯಾಜ್ಞೆಯಂಥ ನಮೂದುಗಳಿರುತ್ತವೆ. ಸಾಲ ತೀರಿದ ಮೇಲೂ ನಮೂದು ಉಳಿದಿರುವುದುಂಟು. ಅಂಥಲ್ಲಿ ಬ್ಯಾಂಕಿನಿಂದ ಋಣಮುಕ್ತಿ ಪತ್ರ ತರಿಸಿ ನಮೂದನ್ನು ತೆಗೆಸಿದ ಮೇಲೆಯೇ ಮುಂದಿನ ಮಾತು.

ಹಿಡುವಳಿಯ ಬಗೆಯನ್ನು ತಪ್ಪದೆ ಓದಿ. ಬಾಣೆ ಎಂಬುದು ಮೂಲದಲ್ಲಿ ಗದ್ದೆಗೆ ಹೊಂದಿಕೊಂಡು, ಸೊಪ್ಪು, ಸೌದೆ, ಮೇವಿನ ಅನುಕೂಲಕ್ಕಾಗಿ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ. ಇಂದು ಅದರಲ್ಲಿ ಕಾಫಿ, ಕರಿಮೆಣಸು ಬೆಳೆದಿದ್ದರೂ ದಾಖಲೆಯಲ್ಲಿ ಅದರ ಸ್ಥಿತಿ ಏನೆಂಬುದು ಬೇರೆಯೇ ಪ್ರಶ್ನೆ. ಮರಗಳ ವಿಷಯವೂ ಇದರೊಡನೆ ಸೇರಿಕೊಂಡಿದೆ. ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನನ್ನು ರಿಡೀಮ್ಡ್ ಎಂದೂ, ಕಟ್ಟದೆ ಉಳಿದದ್ದನ್ನು ಅನ್‌ರಿಡೀಮ್ಡ್ ಎಂದೂ ಕರೆಯುತ್ತಾರೆ. ಎರಡನೆಯದರಲ್ಲಿ ನೆರಳಿಗೆ ನಿಂತ ಬೀಟೆ ಮರವನ್ನು ನಿಮ್ಮದೆಂದು ಲೆಕ್ಕ ಹಿಡಿದು ತೋಟಕ್ಕೆ ಬೆಲೆ ಕಟ್ಟಿದರೆ ಮುಂದೆ ದೊಡ್ಡ ನಷ್ಟ.

ಅಳತೆಯಲ್ಲಿಯೂ ಎಚ್ಚರ ಬೇಕು. ನಮ್ಮಲ್ಲಿ ವ್ಯವಹಾರ ಎಕರೆ, ಸೆಂಟಿನಲ್ಲಿ. ಒಂದು ಎಕರೆಗೆ 100 ಸೆಂಟ್, ಗುಂಟೆಯಾದರೆ 40. ಮೈಸೂರು ಕಡೆಯಿಂದ ಬಂದವರು 0.40 ಎಂಬುದನ್ನು 40 ಗುಂಟೆ, ಅಂದರೆ ಪೂರ್ತಿ ಎಕರೆ, ಎಂದು ಓದಿಕೊಂಡರೆ ಅರ್ಧಕ್ಕಿಂತ ಹೆಚ್ಚು ಜಾಗ ಕಾಗದದಲ್ಲೇ ಹೋಯಿತು.

ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಹೇಳುವ ಇ.ಸಿ., ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಹೆಸರಿನಿಂದ ಹುಡುಕುವಾಗ ಮನೆತನದ ಹೆಸರನ್ನು ಒಂದು ಪತ್ರದಲ್ಲಿ ಪೂರ್ತಿಯಾಗಿ, ಇನ್ನೊಂದರಲ್ಲಿ ಮೊದಲಕ್ಷರವಾಗಿ ಬರೆದಿರುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಗ್ರಾಮ ಮತ್ತು ಸರ್ವೆ ನಂಬರಿನ ಮೂಲಕ ಹುಡುಕುವುದೇ ಮೇಲು. ಹಳೆಯ ಕಾಲದ ವ್ಯವಹಾರಗಳಿಗೆ ಉಪನೋಂದಣಿ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕು. ನೋಂದಣಿಯಾಗದ ಬಾಯಿಮಾತಿನ ಪಾಲು ಇ.ಸಿ.ಯಲ್ಲಿ ಎಂದಿಗೂ ಕಾಣದು. ದಾವೆ ಇದೆಯೇ ಎಂಬುದನ್ನು ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಪ್ರತ್ಯೇಕವಾಗಿ ನೋಡಬೇಕು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ನಿವೇಶನಕ್ಕಾದರೆ ‘ಇ-ಸ್ವತ್ತು’ ತಾಣದ ನಮೂನೆ 9 ಮತ್ತು 11 (ನಿವೇಶನದ ಆಸ್ತಿ ಮತ್ತು ತೆರಿಗೆಯ ದಾಖಲೆಗಳು) ಬೇಕು.

ಇಷ್ಟಾದ ಮೇಲೆ ‘ದಿಶಾಂಕ್’ ಆ್ಯಪ್ ತೆರೆದು ಜಮೀನಿನ ಮೇಲೆಯೇ ನಿಲ್ಲಿ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಪೈಸಾರಿ (ಸರ್ಕಾರಿ ಜಾಗ), ದೇವರಕಾಡು, ಅರಣ್ಯದ ಗಡಿ ತಾಗಿದ ತೋಟಗಳಲ್ಲಿ ಇದು ಬಹಳ ಉಪಯುಕ್ತ, ಆದರೆ ಅಂದಾಜಿಗೆ ಮಾತ್ರ. ಗಡಿಯ ನಿರ್ಣಯಕ್ಕೆ ಭೂಮಾಪಕರ ಹದ್ದುಬಸ್ತೇ (ಗಡಿಯ ಅಳತೆ) ಆಗಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ನಕ್ಷೆ) ಕಡ್ಡಾಯ.

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ಬೇರೆ ರೀತಿ ಸಾಬೀತಾಗುವವರೆಗೆ ಮಾತ್ರ ನಿಜವೆಂದು ಭಾವಿಸತಕ್ಕದ್ದು. ಹೀಗಾಗಿ ಪಹಣಿಯ ವಿಸ್ತೀರ್ಣ ಆಕಾರ್‌ಬಂದ್‌ಗೆ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಹೊಂದದಿದ್ದರೆ, ಅಥವಾ ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಸ್ಥಳಕ್ಕೆ ಹೊಂದದಿದ್ದರೆ, ಮುಂಗಡ ಕೊಡುವ ಮೊದಲೇ ಮಾರುವವರಿಂದ ತಾಲ್ಲೂಕು ಕಚೇರಿಗೆ ತಿದ್ದುಪಡಿಯ ಅರ್ಜಿ ಹಾಕಿಸಿ, ತಿದ್ದಿದ ಪಹಣಿ ಜಾಲತಾಣದಲ್ಲಿ ಬಂದ ಬಳಿಕ ಕರಾರಿಗೆ ಸಹಿ ಹಾಕಿ.