ಹಾರಿಸುವ ಬಟ್ಟೆಯೇ ಕೈ ಕಟ್ಟುತ್ತದೆ: ವಿಂಗ್‌ಸೂಟ್ ಹಾರಾಟದ ನನ್ನ ಅನುಭವ

ರೆಕ್ಕೆಗಳುಳ್ಳ ಹಾರಾಟದ ಉಡುಪಾದ ವಿಂಗ್‌ಸೂಟ್ ತೊಡುವ ಮೊದಲು ಕನಿಷ್ಠ 200 ಸ್ಕೈಡೈವ್‌ಗಳನ್ನು ಪೂರೈಸಿರಬೇಕೆಂದು ಅಮೆರಿಕದ ಪ್ಯಾರಾಚೂಟ್ ಸಂಘ ವಿಧಿಸಿರುವ ನಿಯಮವನ್ನೇ ನನ್ನ ತರಬೇತುದಾರರೂ ಪಾಲಿಸುತ್ತಿದ್ದರು. ನೂರನೆಯ ಜಿಗಿತದ ಹೊತ್ತಿಗೇ ನನ್ನ ಮನಸ್ಸು ಆ ಉಡುಪಿನ ಮೇಲೆ ನೆಟ್ಟಿದ್ದರಿಂದ ಉಳಿದ ನೂರು ಜಿಗಿತಗಳು ಮುಗಿಯುವುದೇ ಇಲ್ಲವೇನೋ ಎನಿಸಿತ್ತು. ಪ್ಯಾರಾಚೂಟ್ ಬಿಚ್ಚುವ ಕೆಲಸ ಯೋಚನೆಗೆ ಕಾಯದೆ ಕೈಗೆ ತಾನಾಗಿ ಒದಗುವಂತಾದದ್ದು ಆ ನೂರರಲ್ಲಿಯೇ. ವಿಂಗ್‌ಸೂಟಿನೊಳಗೆ ಆ ಕೈಯೇ ಸ್ವತಂತ್ರವಾಗಿರುವುದಿಲ್ಲವಾದ್ದರಿಂದ, ನಿಯಮದ ಅರ್ಥ ನನಗೆ ತಿಳಿದದ್ದು ಉಡುಪನ್ನು ತೊಟ್ಟ ಮೇಲೆ.

ಉಡುಪಿನ ರಚನೆ ನೋಡಲು ಸರಳವಾಗಿದೆ. ತೋಳಿಗೂ ಪಕ್ಕೆಗೂ ನಡುವೆ ಎರಡು ರೆಕ್ಕೆಗಳು, ಕಾಲುಗಳ ನಡುವೆ ಇನ್ನೊಂದು. ನೈಲಾನ್ ಬಟ್ಟೆಯ ಎರಡು ಪದರಗಳ ನಡುವೆ ಗಾಳಿ ನುಗ್ಗಲು ಮುಂಭಾಗದಲ್ಲಿ ಬಾಯಿಗಳಿರುತ್ತವೆ. ಗಾಳಿ ತುಂಬಿದೊಡನೆ ಜೋತುಬಿದ್ದಿದ್ದ ಬಟ್ಟೆ ಬಿಗಿಯಾದ ರೆಕ್ಕೆಯಾಗುತ್ತದೆ. ಹೊಟ್ಟೆ ಕೆಳಗಾಗಿ ಬೀಳುವ ಸಾಮಾನ್ಯ ಸ್ಕೈಡೈವರ್ ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಾನೆ. 13,000 ಅಡಿಯಿಂದ ಜಿಗಿದರೆ ಅವನಿಗೆ ಸಿಗುವುದು ಒಂದು ನಿಮಿಷ ಮಾತ್ರ. ವಿಂಗ್‌ಸೂಟಿನಲ್ಲಿ ಕೆಳಮುಖ ವೇಗ ಗಂಟೆಗೆ 100 ಕಿಲೋಮೀಟರಿಗಿಂತ ಕಡಿಮೆಯಾಗಿ, ಇಳಿದ ಪ್ರತಿ ಮೀಟರಿಗೆ ಎರಡೂವರೆ ಮೀಟರಿನಷ್ಟು ಮುಂದಕ್ಕೆ ಸಾಗಬಹುದು. ಅದೇ ಎತ್ತರ ಎರಡರಿಂದ ಮೂರು ನಿಮಿಷದವರೆಗೆ ಬಾಳುತ್ತದೆ.

ಮೊದಲ ಹಾರಾಟಕ್ಕೆ ಮುನ್ನ ಇಡೀ ದಿನ ನೆಲದ ಮೇಲೆಯೇ ಕಳೆಯಿತು. ವಿಮಾನದ ಬಾಗಿಲಿನಿಂದ ಹೊರಬಿದ್ದ ಕ್ಷಣದಲ್ಲಿ ರೆಕ್ಕೆಗಳನ್ನು ಮುಚ್ಚಿಕೊಂಡೇ ಇರಬೇಕು, ಬೇಗ ತೆರೆದರೆ ಮೇಲಕ್ಕೆದ್ದು ವಿಮಾನದ ಬಾಲಕ್ಕೆ ಬಡಿಯುವ ಅಪಾಯವಿದೆ ಎಂಬುದನ್ನು ಎಷ್ಟು ಸಲ ಅಭಿನಯಿಸಿ ತೋರಿಸಬೇಕಾಯಿತೆಂಬ ಲೆಕ್ಕ ನನಗೆ ಉಳಿದಿಲ್ಲ. ಪ್ಯಾರಾಚೂಟ್ ಬಿಚ್ಚಲು 5,500 ಅಡಿಯೆಂದು ನಿಗದಿ ಮಾಡಿದೆವು.

ಹೊರಬಿದ್ದು ಎರಡೆಣಿಸಿ ತೋಳು ಚಾಚಿದಾಗ ಕಂಕುಳ ಕೆಳಗಿನ ಬಟ್ಟೆ ಒಮ್ಮೆಗೇ ಉಬ್ಬಿ ನನ್ನನ್ನು ಎತ್ತಿ ಹಿಡಿಯಿತು. ಅಲ್ಲಿಯವರೆಗೆ ನಾನು ಬಲ್ಲ ಆಕಾಶವೆಂದರೆ ಕೆಳಗಿನಿಂದ ಮೇಲಕ್ಕೆ ಅಪ್ಪಳಿಸುವ ಗಾಳಿ. ಈಗ ಗಾಳಿ ಎದುರಿನಿಂದ ಬರುತ್ತಿತ್ತು. ಬಲಭುಜವನ್ನು ಒಂದು ಬೆರಳಿನಷ್ಟು ತಗ್ಗಿಸಿದರೆ ದಿಗಂತವೇ ನಿಧಾನವಾಗಿ ತಿರುಗುತ್ತಿತ್ತು, ಗಲ್ಲವನ್ನು ಕೊಂಚ ಒಳಗೆಳೆದರೆ ವೇಗ ಏರುತ್ತಿತ್ತು. ಕೆಳಗೆ ದೂರದಲ್ಲಿದ್ದ ಮೋಡದ ಮೇಲೆ ನನ್ನ ನೆರಳು, ಅದರ ಸುತ್ತ ಕಾಮನಬಿಲ್ಲಿನ ಸಣ್ಣದೊಂದು ಬಳೆ, ನನ್ನ ಜೊತೆಯಲ್ಲೇ ಸಾಗುತ್ತಿತ್ತು. ಅದನ್ನು ಕಂಡ ಸಂತೋಷವನ್ನು ನಾನು ಇಂದಿಗೂ ಇನ್ನಾವುದಕ್ಕೂ ಹೋಲಿಸಲಾರೆ. ಆದರೆ ಅದೇ ಸಂತೋಷದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ನೋಡುವುದನ್ನು ತಡಮಾಡಿದೆ. ನೋಡಿದಾಗ ಮುಳ್ಳು 5,000 ಅಡಿಗಿಂತ ಕೆಳಗಿತ್ತು. ನಿಧಾನವಾಗಿ ಇಳಿಯುವ ದೇಹಕ್ಕೆ ತಾನು ಇಳಿಯುತ್ತಿದ್ದೇನೆಂಬ ಅರಿವೇ ಮಂಕಾಗುತ್ತದೆ.

ಹಾರಾಟಕ್ಕಿಂತ ಅದನ್ನು ಮುಗಿಸುವ ಗಳಿಗೆಯೇ ಹೆಚ್ಚು ಅಪಾಯಕಾರಿ ಎಂದು ನನಗೆ ಮನವರಿಕೆಯಾದದ್ದು 37ನೆಯ ಹಾರಾಟದಲ್ಲಿ. ಹರಡಿಕೊಂಡ ರೆಕ್ಕೆಯ ಹಿಂದೆ, ನಮ್ಮ ಬೆನ್ನಿನ ಮೇಲೆ, ಗಾಳಿ ಸತ್ತಂತೆ ಸುಳಿದಾಡುವ ಒಂದು ಜಾಗ ಹುಟ್ಟುತ್ತದೆ. ಅದನ್ನು ಬರ್ಬಲ್ ಎನ್ನುತ್ತೇವೆ. ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯಬೇಕಾದ ಪುಟ್ಟ ಪೈಲಟ್ ಚೂಟ್ ಆ ಸುಳಿಯನ್ನು ದಾಟಿ ಶುದ್ಧ ಗಾಳಿಯನ್ನು ಹಿಡಿಯಬೇಕು. ಅದಕ್ಕಾಗಿಯೇ ನಾವು ಪೈಲಟ್ ಚೂಟನ್ನು ಮುಖ್ಯ ಪ್ಯಾರಾಚೂಟಿಗೆ ಜೋಡಿಸುವ ಬ್ರೈಡಲ್ ಪಟ್ಟಿಯನ್ನು ಉದ್ದವಾಗಿಯೂ ಪೈಲಟ್ ಚೂಟನ್ನು ದೊಡ್ಡದಾಗಿಯೂ ಇಟ್ಟುಕೊಳ್ಳುತ್ತೇವೆ, ಎರಡೂ ಕೈಗಳನ್ನು ಸಮನಾಗಿ ಹಿಂದಕ್ಕೆ ತಂದು ರೆಕ್ಕೆ ಮುಚ್ಚಿ ಬಿಚ್ಚುತ್ತೇವೆ. ಆ ದಿನ ನಾನು ಬಲಗೈಯನ್ನು ಮಾತ್ರ ಹಿಂದಕ್ಕೆ ತಂದೆ. ಎಡರೆಕ್ಕೆ ಇನ್ನೂ ತೆರೆದೇ ಇತ್ತು. ದೇಹ ಒಂದು ಬದಿಗೆ ಮಗುಚಿತು, ಪ್ಯಾರಾಚೂಟಿನ ಬಟ್ಟೆಯಾದ ಕ್ಯಾನಪಿ ತೆರೆಯುವಷ್ಟರಲ್ಲಿ ಅದರ ಹಗ್ಗಗಳು ನನ್ನ ತಲೆಯ ಮೇಲೆ ನಾಲ್ಕು ಸುತ್ತು ಹೊಸೆದುಕೊಂಡವು. ಸಾಮಾನ್ಯ ಜಿಗಿತವಾಗಿದ್ದರೆ ಕೈ ಮೇಲೆತ್ತಿ ಹಗ್ಗಗಳನ್ನು ಭುಜಕ್ಕೆ ಜೋಡಿಸುವ ರೈಸರ್ ಪಟ್ಟಿಗಳನ್ನು ಹಿಡಿದು ಅಗಲಿಸಿ, ಕಾಲು ಝಾಡಿಸಿ ಸುತ್ತು ಬಿಡಿಸಬಹುದಿತ್ತು. ಇಲ್ಲಿ ತೋಳಿನ ಜಿಪ್ ಕಳಚುವವರೆಗೆ ಕೈ ಮೇಲೇರುವುದಿಲ್ಲ, ಕಾಲಿನ ಜಿಪ್ ಕಳಚುವವರೆಗೆ ಕಾಲು ಝಾಡಿಸಲಾಗುವುದಿಲ್ಲ. 2,500 ಅಡಿಗೆ ಬಂದರೂ ಸುತ್ತು ಬಿಡದಿದ್ದರೆ ಮುಖ್ಯ ಕ್ಯಾನಪಿಯನ್ನು ಕಳಚಿ ರಿಸರ್ವ್, ಅಂದರೆ ಎರಡನೆಯ ಪ್ಯಾರಾಚೂಟ್, ತೆರೆಯುವುದೆಂದು ಮೊದಲೇ ನಿಶ್ಚಯಿಸಿದ್ದೆ. 3,000 ಅಡಿಯ ಆಸುಪಾಸಿನಲ್ಲಿ ಕೊನೆಯ ಸುತ್ತು ಬಿಟ್ಟಿತು. ಚುರುಕಾದ ಸಣ್ಣ ಕ್ಯಾನಪಿಯ ಬದಲು ತರಬೇತುದಾರರು ಒತ್ತಾಯಿಸಿ ಹಾಕಿಸಿದ್ದ ದೊಡ್ಡ, ಸೌಮ್ಯ ಕ್ಯಾನಪಿ ಹಗ್ಗ ಹೊಸೆದಿದ್ದರೂ ನೇರವಾಗಿ ಸಾಗಿದ್ದರಿಂದಲೇ ನನಗೆ ಅಷ್ಟು ಸಮಯ ದೊರೆಯಿತು.

ತಾನಾಗಿ ರಿಸರ್ವ್ ತೆರೆಯುವ ಉಪಕರಣ ಕಾಪಾಡುತ್ತದೆಂದು ಹಲವರು ನಂಬಿದ್ದಾರೆ. ಸಾಮಾನ್ಯ ಮಾದರಿಗಳು ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲಿ, ಅದೂ ಬೀಳುವ ವೇಗ ಸೆಕೆಂಡಿಗೆ 35 ಮೀಟರ್ ಮೀರಿದ್ದರೆ ಮಾತ್ರ ಕೆಲಸ ಮಾಡುತ್ತವೆ. ರೆಕ್ಕೆ ಚಾಚಿರುವ ವಿಂಗ್‌ಸೂಟ್ ಸಾಮಾನ್ಯವಾಗಿ ಆ ವೇಗವನ್ನು ಮುಟ್ಟುವುದಿಲ್ಲ.

ಆಧುನಿಕ ವಿಂಗ್‌ಸೂಟಿಗೆ ರೂಪ ಕೊಟ್ಟ ಪ್ಯಾಟ್ರಿಕ್ ದ ಗೇಯಾರ್ದಾನ್ 1998ರ ಏಪ್ರಿಲ್ 13ರಂದು ಹವಾಯಿಯಲ್ಲಿ ತೀರಿಕೊಂಡದ್ದು ತಮ್ಮ ಪ್ಯಾರಾಚೂಟ್ ಚೀಲದಲ್ಲಿ ಮಾಡಿಕೊಂಡಿದ್ದ ಬದಲಾವಣೆಯೊಂದನ್ನು ಪರೀಕ್ಷಿಸುತ್ತಿದ್ದಾಗ ಎಂಬುದನ್ನು ನನ್ನ 37ನೆಯ ಹಾರಾಟದ ನಂತರ ಮತ್ತೆ ಓದಿದೆ. ಅವರ ರೆಕ್ಕೆ ಕೈಕೊಟ್ಟಿರಲಿಲ್ಲ.

ಬಂಡೆಯಂಚಿನಿಂದ ಜಿಗಿದು ಇಳಿಜಾರನ್ನು ಸವರಿಕೊಂಡು ಹಾರುವ ಆಹ್ವಾನಗಳೂ ಬಂದವು. ನಾರ್ವೆಯ ಶೆರಾಗ್ ಬಂಡೆಯಿಂದ 11 ವರ್ಷಗಳಲ್ಲಿ ನಡೆದ 20,850 ಬೇಸ್ ಜಿಗಿತಗಳಲ್ಲಿ (ವಿಮಾನದಿಂದಲ್ಲದೆ ಬಂಡೆ, ಕಟ್ಟಡದಂಥ ಸ್ಥಿರ ನೆಲೆಯಿಂದ ಮಾಡುವ ಜಿಗಿತಗಳಲ್ಲಿ) 9 ಮಂದಿ ಸತ್ತರೆಂಬ ಅಧ್ಯಯನದ ಲೆಕ್ಕ ನನ್ನ ಮುಂದಿತ್ತು. ಅಂದರೆ ಸುಮಾರು 2,317 ಜಿಗಿತಗಳಿಗೆ ಒಂದು ಸಾವು. ವಿಮಾನದಿಂದ ಜಿಗಿದಾಗ 37ನೆಯ ಹಾರಾಟದ ತಪ್ಪನ್ನು ತಿದ್ದಿಕೊಳ್ಳಲು ನನಗೆ ಎತ್ತರವಿತ್ತು, ಎರಡನೆಯ ಪ್ಯಾರಾಚೂಟೂ ಇತ್ತು. ಬೇಸ್ ಜಿಗಿತದಲ್ಲಿ ಬೆನ್ನ ಮೇಲಿರುವುದು ಒಂದೇ ಪ್ಯಾರಾಚೂಟ್, ಬಂಡೆಯ ಪಕ್ಕದಲ್ಲಿ ಎತ್ತರವೂ ಸಿಗುವುದಿಲ್ಲ. ನಾನು ಹೋಗಲಿಲ್ಲ, ಹೋಗುವವರ ನೈಪುಣ್ಯದ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ತೀರ್ಮಾನ ಬದಲಾಗಿಲ್ಲ.

ವಿಂಗ್‌ಸೂಟಿನ ಇನ್ನೊಂದು ಅಪಾಯ ವಿಮಾನ ಹತ್ತುವ ಮೊದಲೇ ಆರಂಭವಾಗುತ್ತದೆ. ಪ್ಯಾರಾಚೂಟಿನ ಕಾಲುಪಟ್ಟಿಗಳು ಉಡುಪಿನ ಒಳಗೆ ಮರೆಯಾಗುತ್ತವೆ. ಮೇಲಿನ ಬಟ್ಟೆ ಮೈಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಪಟ್ಟಿ ಹಾಕಿಲ್ಲವೆಂಬುದು ಅನುಭವಕ್ಕೇ ಬರುವುದಿಲ್ಲ. ಹೀಗೆ ಮರೆತು ಜಿಗಿದು ಪ್ರಾಣ ಕಳೆದುಕೊಂಡವರಿದ್ದಾರೆ. ಆದ್ದರಿಂದ ಜಿಪ್ ಎಳೆಯುವ ಮುನ್ನ ಎರಡೂ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಿ ಎಳೆದು ನೋಡುತ್ತೇನೆ, ವಿಮಾನದೊಳಗೆ 10,000 ಅಡಿ ದಾಟಿದ ಮೇಲೆ ಇನ್ನೊಮ್ಮೆ ಬಟ್ಟೆಯೊಳಗೆ ಕೈಹಾಕಿ ಅವನ್ನು ಹುಡುಕುತ್ತೇನೆ, ಎದುರಿಗೆ ಕುಳಿತ ಸಂಗಾತಿಗೂ ಅದನ್ನೇ ಮಾಡಲು ಹೇಳುತ್ತೇನೆ. ಬಾಗಿಲು ತೆರೆಯುವುದು ಅದರ ನಂತರ.