ಮುಗಿದ ಸೆಲ್ಲಿಗೆ ಜರ್ಮನಿಯಲ್ಲಿ ಎಷ್ಟು ಕೊಡ್ತಾರೆ?

ಹೋದ ವರ್ಷ ಅಪ್ಪ ಬೆಳಗಾವಿಯಿಂದ ಜರ್ಮನಿಯ ನಮ್ಮ ಮನೆಗೆ ಬಂದಿದ್ದರು. ಅವರ ಕಿವಿ ಮಷಿನ್‌ಗೆ ಹೆಚ್ಚೂಕಡಿಮೆ ವಾರಕ್ಕೊಂದು ಬಟನ್ ಸೆಲ್ ಬೇಕು. ಶೇಂಗಾ ಚಟ್ನಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿ ತೊಳೆದು ಅವರ ಮುಂದಿಟ್ಟೆ. ಮುಗಿದ ಸೆಲ್ಲು ಅದರೊಳಗೆ ಬೀಳತೊಡಗಿದವು. ಅವರು ವಾಪಸ್ ಹೊರಡುವ ವಾರ ಡಬ್ಬಿ ಹಿಡಿದು ಇಬ್ಬರೂ ಸೂಪರ್ ಮಾರ್ಕೆಟ್‌ಗೆ ಹೋದೆವು. ಬಾಗಿಲ ಹತ್ತಿರ ಒಂದು ಹಸಿರು ಪೆಟ್ಟಿಗೆ ಇತ್ತು. ಮೇಲೆ ಒಂದು ತೂತು.

ಅಪ್ಪ ಪೆಟ್ಟಿಗೆ ನೋಡಿದರು, ನನ್ನ ಮುಖ ನೋಡಿದರು. "ಇದಕ್ಕ ಎಷ್ಟ ಕೊಡತಾರ?"

"ಏನೂ ಕೊಡೂದಿಲ್ರಿ."

"ಮತ್ತ ಯಾಕ ಹೊತಗೊಂಡ ಬಂದಿ?"

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬೆಳಗಾವಿಯಲ್ಲಿ ಇನ್ವರ್ಟರ್ ಬ್ಯಾಟರಿಯನ್ನು ಯಾರಾದರೂ ಕಸಕ್ಕೆ ಹಾಕಿದ್ದು ನೋಡಿದ್ದೀರಾ? ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. ಹಳೇದು ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ಕಡಿಮೆ ಅಂತ ಅಂಗಡಿಯವನೇ ಲೆಕ್ಕ ಹಾಕಿ ಹೇಳುತ್ತಾನೆ. ಗಡಿಯಾರದ ಸೆಲ್ಲಿಗೆ ಆ ಮರ್ಯಾದೆ ಇಲ್ಲ. ನಾವು ಹುಡುಗರಿದ್ದಾಗ ರೇಡಿಯೊ ಸೆಲ್ಲನ್ನು ಎರಡು ದಿನ ಬಿಸಿಲಿಗಿಟ್ಟು, ಇನ್ನೊಂದು ವಾರ ಓಡಿಸಿ, ಆಮೇಲೆ ಕಲ್ಲಿನಿಂದ ಜಜ್ಜುತ್ತಿದ್ದೆವು. ಒಳಗಿನ ಕರಿ ಕಡ್ಡಿ ಸಿಕ್ಕರೆ ಗೋಡೆಯ ಮೇಲೆಲ್ಲಾ ಬರೆಯಬಹುದಿತ್ತು. ಕೈಗೆ ಮೆತ್ತಿಕೊಂಡ ಕರಿ ಪುಡಿ ಚಡ್ಡಿಗೆ ಒರೆಸಿದರೆ ಮುಗೀತು. ಅದು ಮ್ಯಾಂಗನೀಸ್ ಅಂತ ಆಗ ಯಾರಿಗೆ ಗೊತ್ತಿತ್ತು!

ಇಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಮಾತು: ಮಾರಿದವನೇ ವಾಪಸ್ ತಗೋಬೇಕು. ಎಂ.ಎಸ್. ಮಾಡಲು ಬೆಳಗಾವಿ ಕಡೆಯಿಂದ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳೋದು ಇದನ್ನೇ. ಸೆಲ್ ಮಾರುವ ಪ್ರತಿ ಅಂಗಡಿಯೂ ಹಳೇ ಸೆಲ್ಲನ್ನು ಪುಕ್ಕಟೆ ತಗೋಬೇಕು ಅಂತ ಕಾನೂನಿದೆ. ಡಿಎಂ, ರೋಸ್‌ಮನ್, ರೆವೆ, ಆಲ್ಡಿ, ಲಿಡ್ಲ್, ಎಲ್ಲಿ ಬೇಕಾದರೂ ಹಾಕಿ. ರಸೀದಿ ಬೇಕಿಲ್ಲ, ಅಲ್ಲೇ ಕೊಂಡಿರಬೇಕು ಅಂತಿಲ್ಲ, ಹೊಸದು ಕೊಳ್ಳಲೂ ಬೇಕಿಲ್ಲ. ಅಂಗಡಿ ಮಾರುವಂಥ ನಮೂನೆಯ ಸೆಲ್ ಆಗಿರಬೇಕು, ಒಂದು ಮನೆಯಿಂದ ಬರುವಷ್ಟಿರಬೇಕು, ಅಷ್ಟೇ. ಮನೆಯ ಕಸದ ಡಬ್ಬಿಗೆ ಹಾಕುವುದು ಕಾನೂನಿಗೆ ವಿರುದ್ಧ. ಸೆಲ್ಲಿನ ಮೇಲೆ ಗಾಲಿ ಇರುವ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ ಇರುತ್ತಲ್ಲ, ಅದರ ಅರ್ಥ ಇದೇ.

ಭಾಷೆಯದೊಂದು ಫಜೀತಿ ಇದೆ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು, ಒಳಗಿರೋದು ಸೆಲ್ಲು. ಜರ್ಮನ್ನರಿಗೆ ಒಮ್ಮೆ ಬಳಸಿ ಬಿಸಾಡುವುದು 'ಬಟೆರಿ', ಚಾರ್ಜ್ ಮಾಡುವುದು 'ಅಕ್ಕು'. ಪೆಟ್ಟಿಗೆಯ ಮೇಲೆ 'ಆಲ್ಟ್‌ಬಟೆರಿಯೆನ್' ಅಂತ ಬರೆದಿದ್ದರೂ ಮನೆಬಳಕೆಯ ಸಣ್ಣ ಅಕ್ಕು ಕೂಡ ಅದರೊಳಗೆ ಹೋಗುತ್ತದೆ.

ನಿಜವಾದ ತಲೆನೋವು ಲಿಥಿಯಮ್. ಮೊಬೈಲ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಡ್ರಿಲ್ ಮಷಿನ್, ಎಲ್ಲದರಲ್ಲೂ ಅದೇ. ಕಸದ ಲಾರಿಯೊಳಗೆ ಕಸ ಒತ್ತುವಾಗ ಇದು ಜಜ್ಜಿದರೆ ಬೆಂಕಿ ಹತ್ತುತ್ತದೆ. ತುದಿಗಳು ಲೋಹಕ್ಕೆ ತಾಗಿ ಶಾರ್ಟ್ ಆದರೂ ಅಷ್ಟೇ. ಅದಕ್ಕೇ ಪೆಟ್ಟಿಗೆಗೆ ಹಾಕುವ ಮುಂಚೆ ಎರಡೂ ತುದಿಗೆ ಟೇಪ್ ಸುತ್ತಿ. ಒಂಬತ್ತು ವೋಲ್ಟ್‌ನ ಚೌಕ ಬ್ಯಾಟರಿಗೂ ಟೇಪ್ ಬೇಕು, ಅದರ ಎರಡು ಬಾಯಿ ಒಂದೇ ಕಡೆ ಇರುತ್ತವೆ. ಮನೆಯಲ್ಲಿ ಕೂಡಿಡಲು ಸ್ಟೀಲ್ ಡಬ್ಬಿ ಬೇಡ.

ಉಬ್ಬಿದ್ದು ಬೇರೆಯೇ ಕಥೆ. ನನ್ನ ಹಳೇ ಪವರ್ ಬ್ಯಾಂಕ್ ಒಂದು ಚಳಿಗಾಲದಲ್ಲಿ ಪೂರಿ ಹಾಗೆ ಉಬ್ಬಿತ್ತು. ಬುದ್ಧಿ ಇಲ್ಲದೆ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದ ಹೆಂಗಸು ಅದನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದು, ಹೊರಗೆ ಒಯ್ಯಿ ಅಂತ ಕೈ ತೋರಿಸಿದಳು. ಹಾಗೆ ಮಾಡಬೇಡಿ. ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ. ಒಂದು ಬಕೆಟ್‌ನಲ್ಲಿ ಒಣ ಮರಳು ಹಾಕಿ, ಅದರಲ್ಲಿ ಹೂತು, ಮನೆಯ ಹೊರಗಿಡಿ. ಊರಿನ 'ವೆರ್ಟ್‌ಶ್ಟೊಫ್‌ಹೋಫ್'ಗೆ, ಅಂದರೆ ನಗರಾಡಳಿತದ ಮರುಬಳಕೆ ಕೇಂದ್ರಕ್ಕೆ, ಮೊದಲು ಫೋನ್ ಮಾಡಿ. ಹೇಗೆ ತರಬೇಕು ಅಂತ ಅವರೇ ಹೇಳುತ್ತಾರೆ.

ಬ್ಯಾಟರಿ ತೆಗೆಯಲು ಬರದ ಸಾಮಾನುಗಳು, ಅಂದರೆ ಹಲ್ಲುಜ್ಜುವ ಮಷಿನ್, ಹಾಡುವ ಗ್ರೀಟಿಂಗ್ ಕಾರ್ಡ್, ಮಕ್ಕಳ ಮಿನುಗುವ ಬೂಟು, ಇವೆಲ್ಲ ಎಲೆಕ್ಟ್ರಿಕ್ ಸಾಮಾನಿನ ಲೆಕ್ಕಕ್ಕೆ ಬರುತ್ತವೆ. 25 ಸೆಂಟಿಮೀಟರ್ ಒಳಗಿನ ಸಾಮಾನನ್ನು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಪುಕ್ಕಟೆ ತಗೋಬೇಕು. 2022ರ ಜುಲೈನಿಂದ, ಆಗಾಗ ಎಲೆಕ್ಟ್ರಿಕ್ ಸಾಮಾನು ಮಾರುವ 800 ಚದರ ಮೀಟರ್‌ಗಿಂತ ದೊಡ್ಡ ಕಿರಾಣಿ ಅಂಗಡಿಗಳೂ ತಗೋಬೇಕು. ಇ-ಬೈಕ್ ಬ್ಯಾಟರಿ ಅದನ್ನು ಮಾರುವ ಸೈಕಲ್ ಅಂಗಡಿಗೆ.

ಕಾರಿನ ಬ್ಯಾಟರಿಗೆ ಮಾತ್ರ ದುಡ್ಡಿನ ವ್ಯವಹಾರ. ಹಳೇದು ಕೊಡದೆ ಹೊಸದು ಕೊಂಡರೆ 7.50 ಯೂರೊ 'ಫಾಂಡ್', ಅಂದರೆ ಠೇವಣಿ, ಕಟ್ಟಬೇಕು. ಹಳೇದು ತಂದುಕೊಟ್ಟಾಗ ಆ ದುಡ್ಡು ವಾಪಸ್. ಅಪ್ಪನಿಗೆ ಇದು ಪೂರ್ತಿ ಸಮಾಧಾನ ತಂದಿತು. "ಹಂಗ ಹೇಳ ಮತ್ತ" ಅಂದರು.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಟನ್ ಸೆಲ್ಲಿನ ಡಬ್ಬಿ ಎತ್ತರದಲ್ಲಿಡಿ. ಮುಗಿದ ಸೆಲ್ಲಿನಲ್ಲೂ ಸ್ವಲ್ಪ ಕರೆಂಟ್ ಉಳಿದಿರುತ್ತದೆ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸಲು ಹೋಗಬೇಡಿ, ಕೂಡಲೇ 112ಕ್ಕೆ ಫೋನ್ ಮಾಡಿ.

ಅಪ್ಪ ವಾಪಸ್ ಹೋಗುವಾಗ ಚಟ್ನಿ ಡಬ್ಬಿಯನ್ನೂ ಒಯ್ದರು. ಭಾರತದಲ್ಲೂ 2022ರಲ್ಲಿ ಬ್ಯಾಟರಿ ತ್ಯಾಜ್ಯದ ಹೊಸ ನಿಯಮ ಬಂದಿದೆ. ಬ್ಯಾಟರಿಯನ್ನು ಬೇರೆ ಕಸದಲ್ಲಿ ಬೆರೆಸಬಾರದು, ತಯಾರಿಸುವ ಕಂಪನಿಗಳೇ ಅದನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು ಅನ್ನುತ್ತದೆ ಅದು. ಮೊನ್ನೆ ಫೋನ್ ಮಾಡಿದಾಗ ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿಸಿದರು. ಟಿಳಕವಾಡಿಯಲ್ಲಿ ಸೆಲ್ ಮಾರುವ ಅಂಗಡಿಯವನಿಗೆ, ಹಳೇವು ತಗೋತೀಯೇನಪಾ ಅಂತ ಕೇಳಿದರಂತೆ. "ಏನ್ ಮಾಡ್ಲ್ರಿ ಕಾಕಾ ಇವನ್ನ ತಗೊಂಡು?" ಅಂದನಂತೆ ಅವನು. ಡಬ್ಬಿ ಸದ್ಯಕ್ಕೆ ಟಿವಿ ಮೇಲಿನ ಕಪಾಟಿನಲ್ಲಿದೆ.